ಗುಂಡು ಕಾಣುವವರೆಗೆ

ಹಗ್ಗದ ಅಂಗಡಿಯಲ್ಲಿ ಕೂತವನು ಗಿರಾಕಿಯ ಮುಖ ನೋಡುವುದಿಲ್ಲ, ಅಂಗೈ ನೋಡುತ್ತಾನೆ. ಮುಖ ಸುಳ್ಳು ಹೇಳುತ್ತದೆ, ಅಂಗೈಗೆ ಅಷ್ಟು ಬುದ್ಧಿಯಿಲ್ಲ. ವ್ಯಾಪಾರದ ಕಣ್ಣಿಗೆ ಅತ್ತಿಗೆ ಎತ್ತರದಲ್ಲಿ ಸಾಧಾರಣ, ತೂಕದಲ್ಲಿ ಕಡಿಮೆ, ಬಿಸಿಲಿಗೆ ಬಣ್ಣ ಹೋದ ಮಾಲು. ಗಾಜಿನ ಕಪಾಟಿನಲ್ಲಿಟ್ಟರೆ ಯಾರೂ ಬೆರಳು ತೋರಿಸಿ ಕೇಳುವಂಥದ್ದಲ್ಲ. ಬಲಭುಜ ಎಡಭುಜಕ್ಕಿಂತ ಒಂದಿಷ್ಟು ಕೆಳಗೆ. ನಗುವಿದೆ, ಆದರೆ ಗೋದಾಮಿನಲ್ಲಿಟ್ಟಿರುತ್ತಾರೆ, ಹೊರಗೆ ತರುವುದು ಅಪರೂಪ. ಅಂಗೈ ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅಡುಗೆ ಮಾಡುವವರ ಕೈಯಲ್ಲಿ ಸುಟ್ಟ ಗುರುತು ಇರಬೇಕು. ಇವರ ಕೈಯಲ್ಲಿ ಬರೀ ಗೀರುಗಳು, ಒಂದು ವಾಸಿಯಾಗುವಷ್ಟರಲ್ಲಿ ಅದರ ಮೇಲೆ ಇನ್ನೊಂದು. ಕೇಳಿದರೆ ಒಂದೇ ಉತ್ತರ: "ಕೋಳಿಗೆ ಚಿಪ್ಪು ತರೋಕೆ ಹೋಗಿದ್ದೆ." ಬಂದರುಕಟ್ಟೆಗೆ ಬೇರೆ ಕೆಲಸ ಬೇಕಾದಷ್ಟಿತ್ತು, ಅದನ್ನೇ ನಂಬಿತು.

ಅವರು ಊರಿಗೆಲ್ಲ ಅತ್ತಿಗೆಯಾದದ್ದು ಮೈದುನನ ದೊಡ್ಡ ಗಂಟಲಿನಿಂದ. ಅವನು ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ಪುರುಸೊತ್ತಾದಾಗ ಬಲೆಯನ್ನೂ ಬೀಸುವವನು. ಶೆಡ್ಡಿನ ಬಾಗಿಲಲ್ಲಿ ನಿಂತು "ಅತ್ತಿಗೇ, ಟೀ" ಎಂದು ಕೂಗಿದರೆ ಕಟ್ಟೆಯ ಆ ತುದಿಯವರಿಗೂ ಬಾಯಾರಿಕೆಯಾಗುತ್ತಿತ್ತು. ಕೇಳಿ ಕೇಳಿ ಎಲ್ಲರೂ ಹಾಗೇ ಕರೆಯತೊಡಗಿದರು. ದೋಣಿಯವರ ಜಗಳಗಳನ್ನು ತೀರಿಸುವ ದೊಡ್ಡಪ್ಪನಂಥ ಮುದುಕರ ಬಾಯಲ್ಲೂ ಅವರು ಅತ್ತಿಗೆಯೇ.

ಗಂಡನನ್ನು ಕಟ್ಟೆಯವರು ಅಣ್ಣ ಎನ್ನುತ್ತಾರೆ. ಅಣ್ಣ ಒಂದು ಕಾಲಕ್ಕೆ ಮುಳುಗುಗಾರರು. ದಡದ ಬಂಡೆಗಳ ಹತ್ತಿರ ಮೀನು, ಚಿಪ್ಪು ಕಡಿಮೆಯಾದಂತೆ ಸ್ವಲ್ಪ ಆಚೆ ಹೋದರು, ಅಲ್ಲೂ ಕಡಿಮೆಯಾದಾಗ ಇನ್ನಷ್ಟು ಆಳಕ್ಕೆ ಇಳಿದರು. ಒಂದು ದಿನ ಮೇಲೆ ಬಂದಾಗ ಕಿವಿಯಿಂದ ರಕ್ತ ಬರುತ್ತಿತ್ತು. ಅಂದಿನಿಂದ ಅವರಿಗೆ ಲೋಕ ಅರ್ಧವೇ ಕೇಳುತ್ತದೆ, ಉಳಿದರ್ಧವನ್ನು ಅವರೇ ಊಹಿಸಿಕೊಳ್ಳುತ್ತಾರೆ. ಜಗಲಿಯಲ್ಲಿ ಕೂತು ಪಕ್ಕದವರ ಬಲೆಗಳ ತೂತು ಹೊಲಿಯುವುದು ಈಗ ಅವರ ಕೆಲಸ. ಅತ್ತಿಗೆ ಆ ಸಂಕಟವನ್ನು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಪಾತ್ರೆ ತೊಳೆಯುವಾಗ ಕಿಟಕಿಯಿಂದ ಬಂಡೆಗಳ ಕಡೆ ನೋಡಿ, ಹತ್ತಿರದ ನೀರಲ್ಲೇ ನಾಲ್ಕು ಮೀನು ಸಿಕ್ಕಿದ್ದರೆ ಇವರು ಅಷ್ಟು ಆಳಕ್ಕೆ ಯಾಕೆ ಹೋಗುತ್ತಿದ್ದರು ಎಂದುಕೊಳ್ಳುತ್ತಿದ್ದರು, ಅಷ್ಟೇ.

ಸಮುದ್ರ ಉಳಿಸುವ ಸಂಸ್ಥೆಯೊಂದು ಊರಿಗೆ ಬಂದು, ಅತ್ತಿಗೆಯ ಮನೆಯ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೇಳಿದಾಗ ಮನೆಯಲ್ಲಿ ಸಭೆ ನಡೆಯಿತು.

"ಸ್ವಯಂಸೇವಕರಂತೆ, ದೂರದಿಂದ ಬರ್ತಾರಂತೆ" ಎಂದರು ಅತ್ತಿಗೆ.

"ಸ್ವಯಂವರಕ್ಕಾ?" ಎಂದರು ಅಣ್ಣ. "ನಮ್ಮನೇಲಿ ಹುಡುಗಿ ಎಲ್ಲಿದ್ದಾಳೆ?"

"ಸ್ವಯಂಸೇವೆ, ಅಣ್ಣ, ಸೇವೆ" ಎಂದು ಮೈದುನ ಕಿವಿಯ ಹತ್ತಿರ ಕೂಗಿದ. "ಹೋಟೆಲಲ್ಲಿ ಬೋರ್ಡ್ ಹಾಕಿರ್ತಾರಲ್ಲ, ಹಂಗೆ. ತಾವೇ ತಟ್ಟೆ ತಗೊಂಡು ತಾವೇ ಬಡಿಸ್ಕೊಳ್ಳೋರು. ಅತ್ತಿಗೆಗೆ ಕೆಲಸಾನೇ ಇರಲ್ಲ."

ಅದು ಎಂಥ ಸುಳ್ಳೆಂಬುದು ಮೊದಲ ತಂಡ ಬಂದ ದಿನವೇ ಗೊತ್ತಾಯಿತು. ಮೆಟ್ಟಿಲ ಕಂಬಿಯ ಮೇಲೆ ಒದ್ದೆ ಟವೆಲು, ಬಚ್ಚಲ ಮೋರಿಯಲ್ಲಿ ಮರಳು, ಬಾಗಿಲ ಹಿಂದೆ ಬಾತುಕೋಳಿಯ ಪಾದದಂಥ ರಬ್ಬರಿನ ಪಾದಗಳು. ಒಬ್ಬಳಿಗೆ ಖಾರ ಆಗದು, ಒಬ್ಬನಿಗೆ ಹಾಲು ಆಗದು, ಇನ್ನೊಬ್ಬನಿಗೆ ಎಲ್ಲವೂ ಆಗುತ್ತದೆ, ಆದರೆ ಮೂರು ಸಲ ಆಗಬೇಕು. ನೀರೊಳಗೆ ಮುಖ ಹಾಕಿ ಮೀನುಗಳನ್ನು ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಒಳ್ಳೆಯ ಮಕ್ಕಳು, ಬಿಸಿಲಿಗೆ ಸುಲಿದ ಮೂಗಿನಲ್ಲೇ ನಗುವವರು. ಕಲಿತು ಕೈ ಕುದುರುವ ಹೊತ್ತಿಗೆ ಅವರ ಅವಧಿ ಮುಗಿಯುತ್ತಿತ್ತು. ಹೊಸ ತಂಡ ಬರುತ್ತಿತ್ತು. ಯಾವ ಕಲ್ಲಿನ ಮೇಲೆ ಕಾಲಿಡಬಾರದು, ಯಾವ ನಲ್ಲಿಯಲ್ಲಿ ಕುಡಿಯುವ ನೀರು, ಅಣ್ಣನಿಗೆ ಯಾವ ಕಿವಿಯ ಕಡೆಯಿಂದ ಹೇಳಬೇಕು ಎಂದು ಅತ್ತಿಗೆ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದರು.

ಹೋಗುವಾಗ ಎಲ್ಲರೂ ತಬ್ಬಿಕೊಂಡು ಅಳುತ್ತಿದ್ದರು. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಎಂದು ಕಲಿಸಿದವರು ಅತ್ತಿಗೆಯೇ. ಮಕ್ಕಳು ಅದನ್ನು ಚೆನ್ನಾಗಿ ಕಲಿತಿದ್ದರು. ಬರ್ತೀನಿ ಅಂದವರೆಲ್ಲ ಬಂದಿದ್ದರೆ ಮನೆಗೆ ಇನ್ನೊಂದು ಮಹಡಿ ಏರಿಸಬೇಕಿತ್ತು. ಉಳಿದದ್ದು ಮೆಟ್ಟಿಲ ಕೆಳಗಿನ ಜೋಡಿ ತಪ್ಪಿದ ಚಪ್ಪಲಿಗಳ ರಾಶಿ ಮಾತ್ರ. ಅತ್ತಿಗೆ ಅದನ್ನು ಎಸೆಯಲೂ ಇಲ್ಲ. ಎಸೆಯೋಕೂ ಒಂದು ಹುರುಪು ಬೇಕಲ್ಲ ಎನ್ನುತ್ತಿದ್ದರು.

ನೀರ ಮೇಲೆ ತೇಲಿ ಗಡಿ ತೋರಿಸುವ ಗುಂಡಿನ ಮಾತು ಬಂದದ್ದು ಮಹಡಿಯ ಮೇಲೆ ನಡೆದ ದೊಡ್ಡ ಸಭೆಯಲ್ಲಿ. ಬಂಡೆಗಳ ಸುತ್ತಲಿನ ನೀರಲ್ಲಿ ಮೀನು ಮೊಟ್ಟೆಯಿಡುತ್ತದೆ, ಅಲ್ಲಿ ಯಾರೂ ಬಲೆ ಹಾಕದಿದ್ದರೆ ಸುತ್ತಲಿನ ನೀರಿಗೂ ಮೀನು ಬರುತ್ತದೆ ಎಂಬುದು ಸಂಸ್ಥೆಯ ಮಾತು. ತಂಡದ ಮೇಡಂ ಗೋಡೆಗೆ ನಕ್ಷೆ ಅಂಟಿಸಿ, "ಇದು ರಕ್ಷಿತ ಪ್ರದೇಶ" ಎಂದರು.

"ಯಾರಿಂದ ರಕ್ಷಣೆ?" ಎಂದರು ದೊಡ್ಡಪ್ಪ. "ಇಲ್ಲಿ ನಾವು ಬಿಟ್ರೆ ಇನ್ಯಾರಿದ್ದಾರೆ? ನಮ್ಮಿಂದಾನಾ?"

ಮೇಡಂ ಮಾತು ಬದಲಿಸಿ "ಹಾಗಾದರೆ ಮೀಸಲು" ಎಂದರು.

"ಯಾರಿಗೆ ಮೀಸಲು?" ಎಂದ ಮೈದುನ. "ಮೀಸಲು ಅಂದ್ಮೇಲೆ ಯಾರಿಗೋ ಇರ್ಬೇಕಲ್ಲ. ನಿಮಗಾ?"

ಚಾಪೆಯಿಂದ ಇಬ್ಬರು ಎದ್ದೇಬಿಟ್ಟಿದ್ದರು. ಅತ್ತಿಗೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎದ್ದವರು ಕುಡಿಯದೆ ಹೋದರೆ ಟೀ ಹಾಳು ಎಂಬ ಒಂದೇ ಕಾರಣಕ್ಕೆ, "ಸೌತೆಬಳ್ಳೀಲಿ ಒಂದು ಕಾಯಿ ಬೀಜಕ್ಕೆ ಬಿಡಲ್ವಾ?" ಎಂದರು. "ಹಂಗೇ ಅಂದ್ಕೊಳ್ಳಿ. ಬೀಜಕ್ಕೆ ಬಿಟ್ಟ ನೀರು. ಕೂತ್ಕೊಳ್ಳಿ, ಟೀ ಆರುತ್ತೆ."

ಎದ್ದವರು ಕೂತರು. ಬೀಜಕ್ಕೆ ಬಿಟ್ಟ ಕಾಯಿಗೆ ಯಾರೂ ಕೈ ಹಾಕುವುದಿಲ್ಲ, ಅದು ಎಲ್ಲರ ಮನೆಯಲ್ಲೂ ಗೊತ್ತಿರುವ ವಿಷಯ. ಮೇಡಂ ಖುಷಿಯಾಗಿ ಅದನ್ನೇ ನಕ್ಷೆಯ ಮೇಲೆ ಬರೆದರು. ಎಲ್ಲಿಯವರೆಗೆ ಬಿಡುವುದು ಎಂದು ಯಾರೋ ಕೇಳಿದಾಗ ದೊಡ್ಡಪ್ಪ ಗಡ್ಡ ತುರಿಸಿಕೊಂಡು, "ಗಡಿಗೆ ತೇಲುಗುಂಡು ಕಟ್ತೀವಿ ಅಂತಿದ್ದೀರಲ್ಲ. ಆ ಗುಂಡು ಕಾಣೋವರೆಗೆ ಬಲೆ ಹಾಕಲ್ಲ" ಎಂದು ಮಾತು ಕೊಟ್ಟರು. ಮೇಡಂ ಚಪ್ಪಾಳೆ ತಟ್ಟಿದರು. ಸೂರ್ಯ ಚಂದ್ರರಿರುವವರೆಗೆ ಎಂಬ ಥರದ ಮಾತೆಂದು ಅವರು ತಿಳಿದರು.

ದೋಣಿಯವರು ಹಾಗೆ ತಿಳಿದಿರಲಿಲ್ಲ. ಆ ನೀರಲ್ಲಿ ಯಾವ ಗುಂಡೂ ಒಂದು ಮಳೆಗಾಲ ದಾಟುವುದಿಲ್ಲ. ಹಗ್ಗಕ್ಕೆ ಪಾಚಿ ಹತ್ತುತ್ತದೆ, ಪಾಚಿಯ ಮೇಲೆ ಬಿಳಿ ಚಿಪ್ಪು ಕೂರುತ್ತದೆ, ಭಾರಕ್ಕೆ ಗುಂಡು ತಾನೇ ಕೆಳಗೆ ಹೋಗುತ್ತದೆ. ಕಾಣೋವರೆಗೆ ಎಂದರೆ ಒಂದು ವರ್ಷದೊಳಗೆ ಎಂದು ದೊಡ್ಡಪ್ಪನ ಲೆಕ್ಕ. ಒಂದು ವರ್ಷ ತಾನೇ, ಬಿಟ್ಟರಾಯಿತು. ಮಹಡಿಯಲ್ಲಿ ಎರಡು ಕಡೆಯವರೂ ಸಂತೋಷದಿಂದ ಟೀ ಕುಡಿದರು. ಆ ಕೋಣೆಯಲ್ಲಿ ಎರಡು ಅರ್ಥವೂ ತಿಳಿದಿದ್ದದ್ದು ಖಾಲಿ ಲೋಟ ಎತ್ತುತ್ತಿದ್ದವರಿಗೆ ಮಾತ್ರ. ಹೇಳಿದರೆ ಎದ್ದವರು ಮತ್ತೆ ಏಳುತ್ತಾರೆ. ಅತ್ತಿಗೆ ಸುಮ್ಮನೆ ಲೋಟ ತೊಳೆದರು.

ತೇಲುಗುಂಡುಗಳು ಹಗ್ಗದಂಗಡಿಯಿಂದಲೇ ಹೋದವು. ಬಂಡೆಗಳ ಸುತ್ತ ಕಿತ್ತಳೆ ಬಣ್ಣದ ಸಾಲು ಕಟ್ಟಿದ ಸಂಜೆ ಕಟ್ಟೆಯಲ್ಲಿ, "ಗುಂಡು ಹಾಕಿದ್ಮೇಲೆ ತೇಲಲೇಬೇಕಲ್ಲ" ಎಂದು ಕುಡುಕರೊಬ್ಬರು ಹೇಳಿ ಎಲ್ಲರನ್ನೂ ನಗಿಸಿದರು. ಸ್ವಲ್ಪ ಕಾಲಕ್ಕೆ ಸಂಸ್ಥೆಗೆ ಬರುವ ದುಡ್ಡು ನಿಂತಿತು. ಮೇಡಂ ಅತ್ತಿಗೆಯ ಎರಡೂ ಕೈ ಹಿಡಿದು, "ಇನ್ನು ಇದು ನಿಮ್ಮದೇ" ಎಂದು ಹೇಳಿ, "ಬರ್ತೀನಿ" ಎಂದು ಹೋದರು. ಮಹಡಿಯ ಕೋಣೆಗಳು ಖಾಲಿಯಾದವು. ಗೋಡೆಯ ಮೇಲಿನ ನಕ್ಷೆಯನ್ನು ಹಲ್ಲಿಗಳು ವಹಿಸಿಕೊಂಡವು.

ಅತ್ತಿಗೆ ಕೋಳಿ ಸಾಕಿದ್ದು ಆಗಲೇ.

"ಇದೇನು ಅತ್ತಿಗೆ, ಹುಡುಗರು ಹೋದ ಬೇಜಾರಿಗೆ ಕೋಳಿಗಳಾ?" ಎಂದು ಮೈದುನ ಕಿಚಾಯಿಸಿದ.

"ಇವು ತಿನ್ನೋಕೆ ತಟ್ಟೆ ಕೇಳಲ್ಲಪ್ಪ, ತೊಳೆಯೋ ಕೆಲಸ ಇಲ್ಲ. ಮೊಟ್ಟೆ ಗಟ್ಟಿ ಆಗೋಕೆ ಚಿಪ್ಪಿನ ಪುಡಿ ಬೇಕು. ನಿನ್ನ ಹಳೇ ದೋಣಿ ಕೊಡು, ವಾರಕ್ಕೊಂದು ಸಲ ಬಂಡೆ ಹತ್ರ ಹೋಗಿ ತರ್ತೀನಿ."

ಹಾಗೆ ಅವರು ಬೆಳಿಗ್ಗೆ ಹುಟ್ಟು ಹಾಕುತ್ತಾ ಹೋಗುತ್ತಿದ್ದರು. ಕೈಯಲ್ಲಿ ಗಾರೆ ಕೆಲಸದವರ ಒಂದು ಹಳೆಯ ಕರಣೆ. ಒಂದೊಂದು ಗುಂಡನ್ನೂ ದೋಣಿಯ ಅಂಚಿಗೆ ಎಳೆದು, ತೊಡೆಗೆ ಒತ್ತಿ ಹಿಡಿದು, ಸುತ್ತ ಕೆರೆಯುವುದು. ಕೈಗೆ ಸಿಗುವಷ್ಟು ಹಗ್ಗವನ್ನು ಎಳೆದು ಅದನ್ನೂ ಕೆರೆಯುವುದು. ಚಿಪ್ಪಿನ ಅಂಚು ಬ್ಲೇಡಿನಷ್ಟು ಚೂಪು, ಉಪ್ಪುನೀರು ಗಾಯದೊಳಗೆ ಇಳಿಯುತ್ತಿತ್ತು. ದಡದಿಂದ ನೋಡಿದವರಿಗೆ ಬಂಡೆಯ ಪಕ್ಕ ಬಗ್ಗಿದ ಒಂದು ಬೆನ್ನು ಕಾಣುತ್ತಿತ್ತು, ಕೋಳಿಗೆ ಚಿಪ್ಪು ಎಂದುಕೊಳ್ಳುತ್ತಿದ್ದರು. ಕೋಳಿಗಾಗಿ ಚಿಪ್ಪು ಎಂದು ಊರು ತಿಳಿದಿತ್ತು. ಚಿಪ್ಪಿಗಾಗಿ ಕೋಳಿ ಸಾಕಿದ್ದು ಅತ್ತಿಗೆಗೆ ಮಾತ್ರ ಗೊತ್ತಿತ್ತು. ಆ ಮೊಟ್ಟೆಗಳನ್ನು ಒಡೆಯುವುದೂ ಒಂದು ಕೆಲಸವೇ ಆಗಿತ್ತು, ಅಷ್ಟು ಗಟ್ಟಿ.

ಮಳೆಗಾಲ ಬಂತು, ಹೋಯಿತು. ಗುಂಡು ಮುಳುಗಲಿಲ್ಲ. ಇನ್ನೊಂದು ಮಳೆಗಾಲವೂ ಹೋಯಿತು. ದೊಡ್ಡಪ್ಪ ಕಟ್ಟೆಯ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಒಳ್ಳೆ ಮಾಲು ಕಣಯ್ಯ" ಎಂದರು. ಮಾತು ಹಬ್ಬಿತು. ಪಕ್ಕದ ಬಂದರುಗಳಿಂದಲೂ ಜನ ಹಗ್ಗದಂಗಡಿ ಹುಡುಕಿಕೊಂಡು ಬಂದು, "ಪಾಚಿ ಹತ್ತದ ಗುಂಡು ಕೊಡಿ" ಎಂದು ಕೇಳತೊಡಗಿದರು. ಅಂಗಡಿಯವನಿಗೂ ಸತ್ಯ ಗೊತ್ತಿರಲಿಲ್ಲ. ಬಂದ ಹೆಸರನ್ನು ಬೇಡ ಎನ್ನುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ, ತಲೆದೂಗಿ ಕೊಟ್ಟ.

ಮಾತಿಗೆ ಕಟ್ಟುಬಿದ್ದ ದೋಣಿಯವರು ಗುಂಡಿನ ಸಾಲಿನಿಂದ ಗೇಣು ದೂರ ಬಿಟ್ಟು ಬಲೆ ಹಾಕುತ್ತಿದ್ದರು. ಅಲ್ಲಿ ಮೀನು ಚೆನ್ನಾಗಿ ಬೀಳುತ್ತಿತ್ತು. ಯಾಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ, ಸಿಗುವಾಗ ಕೇಳುವವರು ಯಾರು? ಹೊರಗೇ ಇಷ್ಟಿದ್ದರೆ ಒಳಗೆ ಎಷ್ಟಿರಬಹುದು ಎಂಬ ಪ್ರಶ್ನೆ ಮಾತ್ರ ಎಲ್ಲರ ತಲೆಯಲ್ಲೂ ಓಡಾಡುತ್ತಿತ್ತು.

ಅತ್ತಿಗೆಯ ಭುಜ ಕೈಕೊಟ್ಟದ್ದು ಒಂದು ಬೆಳಿಗ್ಗೆ, ತಲೆ ಬಾಚಿಕೊಳ್ಳುವಾಗ. ಕೈ ಕಿವಿಯವರೆಗೆ ಏರಿತು, ಅಲ್ಲಿಂದ ಮೇಲೆ ಹೋಗಲಿಲ್ಲ. ಕಂಪೌಂಡರ್ ಒತ್ತಿ ನೋಡಿ, "ಸವೆದಿದೆ, ಭಾರ ಎತ್ತಬೇಡಿ" ಎಂದು ಮುಲಾಮು ಕೊಟ್ಟ. ಮುಲಾಮಿನ ವಾಸನೆಗೆ ಅಣ್ಣ ಸೀನಿದರು.

"ಕೋಳಿಗೆ ಚಿಪ್ಪು ಸಾಕು, ಬಿಡೇ" ಎಂದರು ಅಣ್ಣ. "ಮೆತ್ತಗಿನ ಮೊಟ್ಟೆನೇ ತಿನ್ನೋಣ."

ಅತ್ತಿಗೆ ಅವರ ಕೇಳುವ ಕಿವಿಯ ಕಡೆಗೆ ಬಾಗಿದರು, ಏನೋ ಹೇಳಬೇಕೆನಿಸಿತು. ಮೊದಲಿನಿಂದ ಹೇಳಬೇಕು, ಅದೂ ಕೂಗಿ. ದಣಿವಾಯಿತು. ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದರು.

ಆ ಮಳೆಗಾಲ ಗುಂಡುಗಳು ಒಂದೊಂದಾಗಿ ತಗ್ಗತೊಡಗಿದವು. ಕಿತ್ತಳೆ ಬಣ್ಣ ಮೊದಲು ಹಸಿರಾಯಿತು, ಆಮೇಲೆ ಅಲೆ ಇಳಿದಾಗ ಮಾತ್ರ ನೆತ್ತಿ ಕಾಣುವಂತಾಯಿತು, ಆಮೇಲೆ ಅದೂ ಇಲ್ಲ. ಕಟ್ಟೆಯ ಮೇಲೆ ಗಂಡಸರು ಟೀ ಲೋಟ ಹಿಡಿದು ಸಾಲಾಗಿ ನಿಂತು ನೋಡುತ್ತಿದ್ದರು. ಯಾರೂ ಗುಂಡನ್ನು ಮುಟ್ಟಲಿಲ್ಲ. ಮಾತು ಮುರಿಯುವವರಲ್ಲ ಅವರು, ಅದು ತಾನೇ ಮುಗಿಯಲಿ ಎಂದು ಕಾಯುವವರು. ಮೈದುನ ಹೊಸ ಬಲೆಯನ್ನು ತಂದು ಅಣ್ಣನ ಮುಂದೆ ಹಾಕಿ, "ಅಂಚು ಗಟ್ಟಿ ಮಾಡಿಕೊಡಣ್ಣ, ಕೊನೇ ಗುಂಡು ಹೋದ ಬೆಳಿಗ್ಗೆ ಬೇಕಾಗುತ್ತೆ" ಎಂದ.

ಅಡುಗೆಮನೆಯ ಕಿಟಕಿಯಲ್ಲಿ ಅತ್ತಿಗೆ ಅದನ್ನೆಲ್ಲ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಸ್ವಲ್ಪ ಹಾಯೆನಿಸಿತ್ತು. ಎಲ್ಲ ಮುಳುಗಿಹೋದರೆ ಬೆಳಿಗ್ಗೆ ಏಳುವುದಿಲ್ಲ, ದೋಣಿ ಬೇಡ, ಗೀರು ಬೇಡ, ತಪ್ಪು ಯಾರದ್ದೂ ಅಲ್ಲ. ಒಂದು ದಿನ ಹಾಗೇ ಬಿಸಿಲು ಏರುವವರೆಗೆ ಮಲಗಿಯೂ ನೋಡಿದರು. ಎಷ್ಟೋ ಕಾಲದ ಮೇಲೆ ಅಂಥ ನಿದ್ದೆ. ಎದ್ದು ಬಂದಾಗ ಜಗಲಿಯಲ್ಲಿ ಅಣ್ಣ ಆ ಹೊಸ ಬಲೆಯ ಅಂಚು ಹೊಲಿಯುತ್ತಿದ್ದರು. ಕೈ ಹೊಲಿಯುತ್ತಿತ್ತು, ತಲೆ ಒಂದು ಕಡೆಗೆ ವಾಲಿತ್ತು, ಕೇಳದ ಕಿವಿಯನ್ನು ಸಮುದ್ರದ ಕಡೆಗೆ ಕೊಟ್ಟು ಏನೋ ಕೇಳುತ್ತಿರುವವರ ಹಾಗೆ. ಈ ಬಲೆ ಬಂಡೆಯ ನೀರನ್ನು ಒಂದು ವರ್ಷದಲ್ಲಿ ಬರಿದು ಮಾಡುತ್ತದೆ, ಆಮೇಲೆ ಮೈದುನ ಸ್ವಲ್ಪ ಆಚೆ ಹೋಗುತ್ತಾನೆ, ಆಮೇಲೆ ಇನ್ನಷ್ಟು ಆಳಕ್ಕೆ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಗೆ ಹೊರಟರು.

ಅಲ್ಲಿ ಯಾರೂ ಅವರಿಗೆ ಜಾಗ ಬಿಡಲಿಲ್ಲ, ಅಡ್ಡವೂ ಬರಲಿಲ್ಲ. ಅವರು ಟೀ ಕೊಡಲು ಬಂದಿದ್ದಾರೆಂದೇ ಎಲ್ಲರೂ ತಿಳಿದರು.

"ಗುಂಡು ತಾನಾಗಿ ತೇಲ್ತಿರ್ಲಿಲ್ಲ" ಎಂದರು ಅತ್ತಿಗೆ. "ವಾರವಾರ ನಾನು ಹೋಗಿ ಕೆರೀತಿದ್ದೆ. ಈಗ ಕೈ ಏಳಲ್ಲ. ಅದಕ್ಕೇ ಮುಳುಗ್ತಿದೆ. ನೀರು ತೀರ್ಮಾನ ಮಾಡ್ತಿಲ್ಲ, ನನ್ನ ಭುಜ ಮಾಡ್ತಿದೆ. ಅದು ಸರಿಯಲ್ಲ ಅನ್ನಿಸ್ತು, ಹೇಳೋಕೆ ಬಂದೆ."



"ಅಂದ್ರೆ ಇಷ್ಟು ವರ್ಷ ನಮಗೆಲ್ಲ ಟೋಪಿ ಹಾಕಿದ್ರಾ, ಅತ್ತಿಗೆ?" ಎಂದ ಮೈದುನ. "ಅದೂ ನನ್ನ ದೋಣೀಲೇ ಹೋಗಿ?"

"ಹೌದಪ್ಪ, ನಿನ್ನ ದೋಣೀಲೇ. ಹುಟ್ಟು ಮಾತ್ರ ನಾನೇ ಹಾಕ್ತಿದ್ದೆ."

"ದೊಡ್ಡಪ್ಪ, ನೀವೇ ಹೇಳಿ. ಇದು ಮೋಸ ಅಲ್ವಾ? ಕಾಣೋವರೆಗೆ ಅಂತ ಮಾತಾಗಿತ್ತು."

ದೊಡ್ಡಪ್ಪ ಗಡ್ಡ ತುರಿಸಿಕೊಂಡರು. ಅವರ ಮುಖದಲ್ಲಿ ಮೊದಲು ಸಿಟ್ಟು ಬಂತು, ಅದು ಹೋಗಿ ಬೇರೇನೋ ಬಂತು. "ಕಾಣೋವರೆಗೆ ಅಂದಿದ್ದೆ" ಎಂದರು. "ಕೆರೀಬಾರ್ದು ಅಂತ ಅಂದಿರ್ಲಿಲ್ಲವಲ್ಲ. ಆ ಬುದ್ಧಿ ಹೊಳೀಲಿಲ್ಲ ನನಗೆ."

"ಬೀಜಕ್ಕೆ ಬಿಟ್ಟಿದ್ದನ್ನ ಕೊಯ್ಯೋ ಕಾಲ ಬರೋದೇ ಇಲ್ವಾ ಹಾಗಾದ್ರೆ?" ಎಂದ ಮೈದುನ.

"ಕೊಯ್ತಾನೇ ಇದ್ದೀಯಲ್ಲ" ಎಂದರು ಅತ್ತಿಗೆ. "ಸಮುದ್ರ ಅಷ್ಟುದ್ದ ಬಿದ್ದಿದೆ. ದಿನಾ ಗುಂಡಿನ ಪಕ್ಕಕ್ಕೇ ಬಂದು ಯಾಕೆ ಬಲೆ ಹಾಕ್ತೀಯ?"

ಹಿಂದಿನಿಂದ ಯಾರೋ ನಕ್ಕರು. ಮೈದುನ ನಗಲಿಲ್ಲ. ಕೈಯಲ್ಲಿದ್ದ ಲೋಟದ ಟೀಯನ್ನು ನೀರಿಗೆ ಚೆಲ್ಲಿ ಶೆಡ್ಡಿನ ಕಡೆ ನಡೆದ. ದೊಡ್ಡಪ್ಪ ಕೊನೆಗೆ ಹೇಳಿದ್ದು ಇಷ್ಟು: ಮಾತು ಮಾತೇ. ಬೇಕಾದವರು ಕೆರೆಯಲಿ, ಬೇಡದವರು ಬಿಡಲಿ. ಯಾವ ಬದಿಯ ಕೊನೆಯ ಗುಂಡು ಮುಳುಗುತ್ತದೋ ಆ ಬದಿಗೆ ಬಲೆ ಇಳಿಯುತ್ತದೆ. "ನೀವು ಮನೆಗೆ ಹೋಗಿ, ಅತ್ತಿಗೆ. ನಿಮ್ಮದಾಯ್ತು."

ಅತ್ತಿಗೆ ಮನೆಗೆ ಬಂದರು. ಕಿಟಕಿಯ ಒಂದು ಬಾಗಿಲನ್ನು ಮುಚ್ಚಿದರು. ನೋಡುವುದೂ ಒಂದು ಕೆಲಸ, ಅದನ್ನೂ ಬಿಡೋಣ ಎಂದುಕೊಂಡರು. ಮಳೆ ಬಂದು ಹೋಯಿತು. ಮುಂದಿನ ಕೆಲವು ದಿನ ಕಟ್ಟೆಯಲ್ಲಿ ಯಾರೂ ಅವರ ಜೊತೆ ಹೆಚ್ಚು ಮಾತಾಡಲಿಲ್ಲ. ಮೈದುನ ಟೀಗೆ ಕೂಗಲಿಲ್ಲ. ಇಡೀ ಕಟ್ಟೆ ಆ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಟೀ ಕುಡಿಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆಯಲು ಹಿತ್ತಲಿಗೆ ಹೋದಾಗ ಕಾಲಿಗೆ ಬಕೆಟ್ ತಾಗಿತು. ಎಂಜಿನ್ ಎಣ್ಣೆಯ ಕಲೆಯಿದ್ದ ಬಕೆಟ್. ಅದರ ತುಂಬ ಒದ್ದೆ ಚಿಪ್ಪು, ಪಾಚಿಯ ಸಮೇತ, ಆಗಷ್ಟೇ ಕೆರೆದದ್ದು. ಗೋಡೆಯಾಚೆಯಿಂದ ಮೈದುನನ ಗಂಟಲು ಕೇಳಿತು.

"ಮೊಟ್ಟೆ ಮೆತ್ತಗಾಗಿದೆ ಅಂತ ಅಣ್ಣ ಗೊಣಗ್ತಿದ್ದ. ಅದಕ್ಕೇ ತಂದೆ. ಬೇರೇನೂ ತಿಳ್ಕೊಳ್ಳೋದು ಬೇಡ."

"ನಾನೇನು ತಿಳ್ಕೊಂಡೆನಪ್ಪ?"

"ಕೈಯೆಲ್ಲ ಕುಯ್ದುಹೋಯ್ತು. ಇದನ್ನ ಹೆಂಗೆ ಮಾಡ್ತಿದ್ರಿ ನೀವು?"

ಅತ್ತಿಗೆ ಬಕೆಟ್ಟನ್ನು ಎಡಗೈಯಲ್ಲಿ ಎಳೆದು ಗೂಡಿನ ಪಕ್ಕಕ್ಕಿಟ್ಟು, ಒಳಗೆ ಹೋಗಿ ಟೀಗೆ ನೀರಿಟ್ಟರು. ಮುಚ್ಚಿದ್ದ ಕಿಟಕಿಯ ಬಾಗಿಲನ್ನು ಹೊಗೆ ಹೋಗಲೆಂದು ತೆರೆದರು. ಬಂಡೆಯ ಪಕ್ಕ ಕಿತ್ತಳೆ ಬಣ್ಣದ ನೆತ್ತಿಗಳು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು.

ಎಲ್ಲವೂ ಮೇಲೆ ಬರಲಿಲ್ಲ. ಆಚೆ ಬದಿಯವನ್ನು ಯಾರೂ ಕೆರೆಯಲು ಹೋಗಲಿಲ್ಲ, ಅಲ್ಲಿ ಈಗ ಬಲೆ ಇಳಿಯುತ್ತದೆ. ಬೀಜಕ್ಕೆ ಬಿಟ್ಟ ನೀರು ಮೊದಲಿನ ಅರ್ಧದಷ್ಟಿದೆ. ಉಳಿದರ್ಧದಲ್ಲಿ ಗುಂಡು ಕಾಣುತ್ತಿದೆ. ಕೆರೆಯಲು ಹೋಗುವವರು ಇಂದೂ ಕೋಳಿಗೆ ಚಿಪ್ಪು ತರಲು ಹೋಗುತ್ತೇವೆಂದೇ ಹೇಳುತ್ತಾರೆ, ಕೋಳಿಯೇ ಇಲ್ಲದವರೂ. ಅತ್ತಿಗೆಯ ಭುಜ ಸರಿಹೋಗಿಲ್ಲ. ತಲೆಯನ್ನು ಈಗ ಅಣ್ಣ ಬಾಚುತ್ತಾರೆ, ಬಲೆ ಬಿಡಿಸುವ ಹಾಗೆ, ತುದಿಯಿಂದ.

ಹಗ್ಗದಂಗಡಿಗೆ ಗಿರಾಕಿಗಳು ಈಗಲೂ ಬರುತ್ತಾರೆ, ಪಾಚಿ ಹತ್ತದ ಗುಂಡು ಕೇಳುತ್ತಾರೆ. ಅಂಥ ಗುಂಡು ಯಾರ ಅಂಗಡಿಯಲ್ಲೂ ಇಲ್ಲ. ನನ್ನ ಮಾಲಿಗೆ ಇಷ್ಟು ವರ್ಷ ಬಂದ ಒಳ್ಳೆಯ ಹೆಸರು ಅತ್ತಿಗೆಯದು. ಅದನ್ನು ನಾನು ಅವರಿಗೆ ಕೊಡಬೇಕು.